ಮುನಿಯಲ್ಲಮ್ಮನ ನೆರಳು ಬೊಂಬೆಗಳು

ಸುಗಟೂರಿನ ಬಾಲವಾಡಿಯಲ್ಲಿ ಮುನಿಯಲ್ಲಮ್ಮ ಹನ್ನೊಂದು ವರ್ಷ ಮಕ್ಕಳನ್ನು ನೋಡಿಕೊಂಡಳು. ಓದಿದ್ದು ಏಳನೆಯ ತರಗತಿ. ಬಾಲವಾಡಿಗೆ ಸ್ವಂತ ಕಟ್ಟಡವಿರಲಿಲ್ಲ. ರೇಷ್ಮೆ ಬೆಳೆ ಇಲ್ಲದ ವಾರಗಳಲ್ಲಿ ನರಸಿಂಹಪ್ಪ ರೇಷ್ಮೆಹುಳು ಸಾಕುವ ಹುಳುಮನೆಯೇ ಶಾಲೆ, ಉಳಿದಂತೆ ಅರಳಿಕಟ್ಟೆ.

೧೯೭೮ರ ಚಳಿಗಾಲದಲ್ಲಿ ಅವಳು ಮಕ್ಕಳಿಂದ ನೆರಳು ಬೊಂಬೆ ಮಾಡಿಸಿದಳು. ಹುಳುಮನೆಯ ಕಿಟಕಿ ಮುಚ್ಚಿದರೆ ಹಗಲಿನಲ್ಲೂ ಕತ್ತಲೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ತೆಂಗಿನಕಡ್ಡಿಗೆ ಅಂಟಿಸಿದರು. ಪರದೆಯಂತೆ ಕಟ್ಟಿದ ಪಂಚೆಯ ಹಿಂದೆ ಲಾಟೀನು. ದೀಪದ ಹತ್ತಿರ ಹೋದಷ್ಟೂ ನೆರಳು ಬೆಳೆಯುತ್ತದೆಂದು ಮಕ್ಕಳು ತಾವೇ ಕಂಡುಕೊಂಡರು.

ಪಂಚೆಯ ಮೇಲೆ ಕೋಳಿಯ ನೆರಳು ಕುಣಿಯುತ್ತಿದ್ದರೂ ನಾಲ್ಕು ವರ್ಷದ ಆದಿಲಕ್ಷ್ಮಿ ಬೇರೆಲ್ಲೋ ನೋಡುತ್ತ ಕೂತಿದ್ದಳು.

"ಏನ್ ಕಾಣ್ತೈತೇ?" ಎಂದು ಕೇಳಿದಳು ಮುನಿಯಲ್ಲಮ್ಮ.

"ಬೆಳಕು."

"ಕೋಳಿ?"

"ಕೋಳಿ ಇಲ್ಲ."

"ಅಷ್ಟು ದೊಡ್ಡ ಕೋಳಿ ಕಾಣ್ಸಲ್ವೇನೇ ಗೂಬೆ!" ಎಂದ ಬೊಂಬೆ ಹಿಡಿದಿದ್ದ ಹುಡುಗ ಕದಿರೇಶ. ಮಕ್ಕಳೆಲ್ಲ ನಕ್ಕರು. ಹುಡುಗಿ ಎದ್ದು ಹೊರಟವಳು ಹುಳುವಿನ ತಟ್ಟೆ ಜೋಡಿಸುವ ಅಟ್ಟಣೆಗೆ ಹಣೆ ಬಡಿಸಿಕೊಂಡಳು.

ಬಿಸಿಲಿಗೆ ಕರೆತಂದು ನೋಡಿದಾಗ ಕಣ್ಣಿನ ಬಿಳಿಯಲ್ಲಿ ನೊರೆಯಂಥ ಚುಕ್ಕೆಗಳು. ಸೊಪ್ಪು, ತರಕಾರಿ ತಿನ್ನದ ಮಕ್ಕಳಿಗೆ ಬರುವ ಇರುಳುಗಣ್ಣು; ಅದರ ಮೇಲೆ ದಡಾರ ಬಂದರೆ ಕಣ್ಣೇ ಹೋಗುತ್ತದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಆದಿಲಕ್ಷ್ಮಿಯ ಮನೆಯವರು ಕ್ಯಾರೆಟ್ಟು, ಸೊಪ್ಪು ಬೆಳೆಯುತ್ತಿದ್ದರು. ಅದೆಲ್ಲ ಬೆಳಗಿನ ಬಸ್ಸಿನಲ್ಲಿ ಕೋಲಾರಕ್ಕೆ ಹೋಗುತ್ತಿತ್ತು. ಮಗುವಿಗೆ ಮುದ್ದೆ, ಉಪ್ಪುಸಾರು.

"ಆಸ್ಪತ್ರೆಗೆ ಕರ್ಕೊಂಡೋಗೋಣ, ಒಂದು ಚಮಚ ಎಣ್ಣೆ ಔಷಧಿ ಅಷ್ಟೇ," ಎಂದಳು ಮುನಿಯಲ್ಲಮ್ಮ.

"ಬೊಂಬೆ ಆಡ್ಸೋಳು ಡಾಕ್ಟ್ರು ಆಗ್ಬಿಟ್ಳು!" ಅಜ್ಜಿ ದೊಡ್ಡಮುನಿಯಮ್ಮ ನಕ್ಕಳು. "ಸೋಮವಾರ ಹೋಗಾಣ ಬಿಡಮ್ಮ."

ಭಾನುವಾರ ಮಗುವಿಗೆ ಜ್ವರ, ಮೈತುಂಬ ದಡಾರದ ಗುಳ್ಳೆ. ಮನೆಗೆ ಅಮ್ಮ ಬಂದಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಬೇವಿನ ನೀರಿನಲ್ಲಿ ಮೂರು ಸಲ ಮೀಯಿಸಿ ಮೂರು ನೀರು ಹಾಕುವವರೆಗೆ ಔಷಧಿ ಇಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ.

ಮುನಿಯಲ್ಲಮ್ಮ ತಾನೇ ಕೋಲಾರಕ್ಕೆ ಹೋಗಿ ಔಷಧಿ ತಂದಳು. ಸೀಸೆ ಹಿಡಿದು ಹೊಸಿಲ ಮುಂದೆ ನಿಂತಳು.

"ದಾಟ್ಬೇಡ ಕಣೇ, ಅಮ್ಮ ಮುನ್ಕೊಂತಾಳೆ. ಮಗು ಹೋದ್ರೆ ನೀನ್ ತಂದ್ಕೊಡ್ತೀಯಾ?" ಎಂದಳು ಅಜ್ಜಿ.

ಒಳಗೆ ಮಗು ಅಳುತ್ತಿತ್ತು. ಮುನಿಯಲ್ಲಮ್ಮನೂ ಅದೇ ಊರಿನಲ್ಲಿ ಬೆಳೆದವಳು. ದಾಟಲಿಲ್ಲ.

ಹನ್ನೆರಡನೆಯ ದಿನ ಮೂರನೆಯ ನೀರು ಹಾಕಿ ಹೊರಗೆ ಕರೆತಂದಾಗ ಆದಿಲಕ್ಷ್ಮಿಯ ಎರಡೂ ಕಣ್ಣುಗುಡ್ಡೆ ಬೆಳ್ಳಗಾಗಿದ್ದವು. ಇನ್ನು ಮಾಡುವಂಥದ್ದೇನೂ ಇಲ್ಲವೆಂದರು ಆಸ್ಪತ್ರೆಯಲ್ಲಿ. ಕತ್ತಲಲ್ಲಿ ಬೊಂಬೆ ಆಡಿಸಿದ್ದಕ್ಕೇ ಹೀಗಾಯಿತೆಂದು ಊರು ಮಾತಾಡಿತು.

ಮರುವರ್ಷ ಇನ್ನೊಂದು ಮನೆಗೆ ಅಮ್ಮ ಬಂದಾಗ ಮುನಿಯಲ್ಲಮ್ಮ ಸೀಸೆ ಹಿಡಿದು ಯಾರನ್ನೂ ಕೇಳದೆ ಒಳಗೆ ನಡೆದಳು. ಬೆನ್ನಿಗೆ ಪೊರಕೆಯ ಏಟು ಬಿತ್ತು. ಮಗು ಔಷಧಿ ನುಂಗುವವರೆಗೆ ಗಲ್ಲ ಬಿಡಲಿಲ್ಲ.