ಪಟಾಲಮ್ಮನ ಅಂಗಡಿಯ ಇಂಗು

ಹೊರಮಾವಿನ ಪಟಾಲಮ್ಮ ತನ್ನ ಜೀವಮಾನದಲ್ಲಿ ಕಲಬೆರಕೆ ಮಾಲು ಮಾರಿದ್ದು ಒಂದೇ ಸಲ. ಅದನ್ನೂ ಬೇಕೆಂದೇ, ಮೂರು ತಿಂಗಳು, ಒಬ್ಬನೇ ಗಿರಾಕಿಗೆ. ಮಿಕ್ಕಂತೆ ಅವಳ ತಕ್ಕಡಿಯ ಬಗ್ಗೆ ಊರಲ್ಲಿ ಯಾರೂ ಮಾತಾಡಿದವರಲ್ಲ. ಅವಳ ಬಾಯಿಯ ಬಗ್ಗೆ ಆಡುತ್ತಿದ್ದರು, ಅದು ಬೇರೆ ವಿಚಾರ.

ಗಂಡ ಮುನಿಆಂಜನಪ್ಪ ರಾಗಿ ಹೊಲವನ್ನೆಲ್ಲ ಸೈಟು ಮಾಡಿ ಮಾರಿ ತೀರಿಕೊಂಡಾಗ ಅವಳಿಗೆ ಉಳಿದದ್ದು ಒಂದು ಮನೆ, ಎರಡು ಮರ. ಹಿತ್ತಲಲ್ಲಿ ಅತ್ತೆ ನೆಟ್ಟ ಹಲಸು. ಮುಂದೆ ರಸ್ತೆ ಬದಿಯಲ್ಲಿ, ಯಾರು ನೆಟ್ಟರೋ ಗೊತ್ತಿಲ್ಲದ ಹುಣಸೆ. ಮುಂದಿನ ಕೋಣೆಗೆ ಶೆಟರ್ ಹಾಕಿಸಿ ದಿನಸಿ ಅಂಗಡಿ ಇಟ್ಟಳು. ಹುಣಸೆಯ ನೆರಳಿಗೆ ಬಂದು ನಿಂತವರು ಸುಮ್ಮನೆ ಹೋಗಲಾರದೆ ಒಂದು ಸೋಪನ್ನಾದರೂ ಕೊಂಡು ಹೋಗುತ್ತಿದ್ದರು. ಬಾಡಿಗೆ ಕೇಳದ ಪಾಲುದಾರ ಅಂತ ಮರವನ್ನು ಅವಳು ಹೊಗಳುತ್ತಿದ್ದಳು.

ತೊಂಬತ್ತೆಂಟರಲ್ಲಿ ಅವಳ ಹಿತ್ತಲ ಹಿಂದೆ ಆದಿನಾರಾಯಣ ನಾಲ್ಕು ಮಹಡಿ ಎಬ್ಬಿಸಿದ. ಸಿಮೆಂಟ್ ಅಂಗಡಿಯಿಂದ ಬಿಲ್ಡರ್ ಆದ ಮನುಷ್ಯ. ಬೆಳೆಯುವ ಪದಾರ್ಥಗಳಲ್ಲಿ ಅವನಿಗೆ ಪರಿಚಯವಿದ್ದದ್ದು ಕಟ್ಟಡ ಒಂದೇ.

"ಅಮ್ಮಾ, ನಿಮ್ಮ ಹಲಸಿನ ಕೊಂಬೆ ನಮ್ಮ ಬಾಲ್ಕನಿಗೆ ಬಂದ್ಬಿಟ್ಟಿದೆ. ಕಡಿಸಿಬಿಡಿ."

"ಅದು ಮೂವತ್ತು ವರ್ಷದಿಂದ ಅಲ್ಲೇ ಇದೆ ಸ್ವಾಮಿ. ನಿಮ್ಮ ಬಾಲ್ಕನಿನೇ ಬಂದಿರೋದು. ಸ್ವಲ್ಪ ಹಿಂದಕ್ಕೆ ತಗೊಳ್ಳಿ."

ಅವನು ನಕ್ಕು ಹೋದ. ವಾರ ಕಳೆದ ಮೇಲೆ ಅವನ ಮೇಸ್ತ್ರಿ ಬಂದು ಕಾಲು ಕಿಲೋ ಗಟ್ಟಿ ಇಂಗು ಕೇಳಿದ. ಮದುವೆ ಮನೆ ಅಡುಗೆಗಂತೆ. ಪಟಾಲಮ್ಮ ಶಿವಾಜಿನಗರದಿಂದ ತಂದಿದ್ದ ಒಳ್ಳೇ ಮಾಲನ್ನೇ ತೂಗಿ, ಶುಭಕಾರ್ಯ ಅಂತ ಒಂದು ಚೂರು ಕೊಸರೂ ಹಾಕಿ ಕೊಟ್ಟಳು. ಆಮೇಲೆ ನಾಲ್ಕು ದಿನ ಮಾಲೂರಿಗೆ, ತಂಗಿ ಮಗಳ ಮದುವೆಗೆ ಹೋಗಿದ್ದಳು.

ಎರಡು ತಿಂಗಳಲ್ಲಿ ಹಲಸು ನಿಂತಲ್ಲೇ ಒಣಗಿತು. ಆದಿನಾರಾಯಣ ಸಾವಿನ ಮನೆಗೆ ಬರುವವನ ಹಾಗೆ ಮುಖ ಇಳಿಬಿಟ್ಟುಕೊಂಡು ಬಂದ. "ರೋಗ ಬಂದಿರ್ಬೇಕಮ್ಮಾ. ವಯಸ್ಸೂ ಆಗಿತ್ತಲ್ಲ," ಅಂದ. ದೇವರ ಮನೆ ಬಾಗಿಲಿಗೆ ಆಗುತ್ತೆ ಅಂತ ಆ ದಿಮ್ಮಿಯನ್ನೂ ಅವನೇ ಕೊಂಡುಕೊಂಡ.

ಗರಗಸದವರು ಬುಡ ಕೊಯ್ದ ದಿನ ಪಟಾಲಮ್ಮ ಅಂಗಡಿಯಲ್ಲಿದ್ದಳು. ಹಿತ್ತಲಿಂದ ಗಾಳಿಯಲ್ಲಿ ವಾಸನೆ ಬಂತು. ಹೋಗಿ ನೋಡಿದರೆ ಬುಡದಲ್ಲಿ ಹೆಬ್ಬೆರಳು ದಪ್ಪದ ಮೂರು ತೂತು, ಬಾಯಿಗೆ ಸಿಮೆಂಟು ಮೆತ್ತಿದೆ, ಒಳಗೆ ಇಂಗು. ಅವಳೇ ತೂಗಿದ್ದು, ಅವಳೇ ಪೊಟ್ಟಣ ಕಟ್ಟಿದ್ದು. ಅವಳು ಹಾಕಿದ ಕೊಸರೂ ಅದರಲ್ಲೇ ಇತ್ತು.

ಬುಡಕ್ಕೆ ಇಂಗು ತುಂಬಿದರೆ ಮರ ಒಣಗುತ್ತದೆ ಅನ್ನುವುದು ಊರ ನಂಬಿಕೆ. ನಿಜ ಹೇಳಬೇಕೆಂದರೆ ಹಲಸು ಸತ್ತದ್ದು ಇಂಗಿನಿಂದಲ್ಲ. ಪಾಯ ತೋಡುವಾಗ ಜೆಸಿಬಿ ಕಾಂಪೌಂಡಿನ ಅಡಿ ಹೊಕ್ಕು ಅರ್ಧ ಬೇರು ಕಿತ್ತಿತ್ತು. ಕೊಂದದ್ದು ಜೆಸಿಬಿ, ಹೆಸರು ಬಂದದ್ದು ಇಂಗಿಗೆ. ಬೇರಿನ ತುಂಡುಗಳನ್ನು ಮಣ್ಣಿನ ರಾಶಿಯಲ್ಲಿ ಕಂಡಿದ್ದ ಪಟಾಲಮ್ಮನಿಗೆ ಇದು ಗೊತ್ತಿತ್ತು. ಆದಿನಾರಾಯಣನಿಗೆ ಗೊತ್ತಿರಲಿಲ್ಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಐದು ವರ್ಷ ಅವನು ಬಂದಾಗಲೆಲ್ಲ ಸ್ಟೂಲು ಎಳೆದು ಕೂರಿಸಿ, ಸೋಡಾ ಕೊಟ್ಟು, ಮಕ್ಕಳ ಯೋಗಕ್ಷೇಮ ವಿಚಾರಿಸಿದಳು. ಎಂಥ ಒಳ್ಳೇ ಹೆಂಗಸು ಅಂತ ಅವನು ನಾಲ್ಕು ಜನರ ಹತ್ತಿರ ಹೇಳಿಕೊಂಡು ಓಡಾಡಿದ.

ಎರಡು ಸಾವಿರದ ಮೂರರಲ್ಲಿ ಅವಳ ಅಂಗಡಿಯ ಪಕ್ಕದ ಸೈಟನ್ನೂ ಅವನೇ ಕೊಂಡ. ಸೋಡಾ ಕುಡಿಯುತ್ತ ಪ್ಲಾನನ್ನೆಲ್ಲ ಅವನೇ ಬಿಡಿಸಿ ಹೇಳಿದ. ಕೆಳಗೆ ಕಾರು ನಿಲ್ಲಿಸೋ ಜಾಗ, ಮುಂದೆ ಎರಡು ಮಳಿಗೆ. ಕಾರು ಇಳಿಯುವ ರ‍್ಯಾಂಪು ಮಾತ್ರ ನೆಟ್ಟಗೆ ಹುಣಸೆ ಮರಕ್ಕೆ ಎದುರಾಗುತ್ತದೆ. ಬಲಕ್ಕೆ ಹಾಕಿದರೆ ಎರಡೂ ಮಳಿಗೆ ಹೋಯಿತು. ಹಸಿ ಮರ ಕಡಿಯಲು ಅನುಮತಿ ಸಿಗುವುದು ಕಷ್ಟ. ಒಣಗಿದ ಮರಕ್ಕಾದರೆ ಒಂದು ಅರ್ಜಿ ಸಾಕು.

"ನೋಡೋಣ, ದೇವರಿದ್ದಾನೆ," ಅಂದ ಆದಿನಾರಾಯಣ.

"ಇದ್ದಾನೆ ಸ್ವಾಮಿ," ಅಂದಳು ಪಟಾಲಮ್ಮ.

ಡಿಸೆಂಬರಿನಲ್ಲಿ ಆ ಸೈಟಿನ ವಾಚ್‌ಮನ್ ಮಾನಪ್ಪ ಬಂದ. ಯಾದಗಿರಿ ಕಡೆಯವನು, ಬಂದು ಇನ್ನೂ ತಿಂಗಳಾಗಿರಲಿಲ್ಲ.

"ಅಮ್ಮಾರ, ಕಾಲು ಕಿಲೋ ಗಟ್ಟಿ ಇಂಗು ಕೊಡ್ರಿ. ಸಾಹೇಬ್ರು ಲಗೂನ ತಗೊಂಡ್ ಬಾ ಅಂದಾರ."

"ಯಾರ ಮದುವೆಯಪ್ಪಾ?"

"ಮದುವಿ ಅಲ್ರಿ. ಈ ಹುಣಸಿ ಗಿಡಕ್ಕ ಏನೋ ಜಡ್ಡು ಐತಂತ. ತೂತು ಹಾಕಿ ಔಷಧ ತುಂಬು ಅಂದಾರ."

ಹಳೇ ಮೇಸ್ತ್ರಿಗೆ ಸುಳ್ಳು ಹೇಳಿ ಅಭ್ಯಾಸವಿತ್ತು. ಈ ಪುಣ್ಯಾತ್ಮನಿಗೆ ಇರಲಿಲ್ಲ. ಪಟಾಲಮ್ಮ ತಕ್ಕಡಿ ಒರೆಸಿಟ್ಟಳು. ಅವಳು ಐದು ವರ್ಷ ಕಾದಿದ್ದ ಗಿರಾಕಿ ತಾನಾಗಿಯೇ ಮೆಟ್ಟಿಲು ಹತ್ತಿ ಬಂದಿದ್ದ.

"ನಾಳೆ ಬಾ. ಹೊಸ ಮಾಲು ಬರುತ್ತೆ."

ಸಂಜೆ ಕೂತು ಮೈದಾ, ಗೋಂದು, ಕಡಲೆಕಾಯಿ ಹಿಂಡಿ ಕಲಸಿ, ವಾಸನೆಗೆ ಒಂದು ಚಿಟಿಕೆ ಇಂಗು ಹಾಕಿ ಉಂಡೆ ಕಟ್ಟಿದಳು. ಮರುದಿನ ಕೊಡುವಾಗ ಬಳಸುವ ಕ್ರಮವನ್ನೂ ಹೇಳಿದಳು. "ತೂತು ಎರಡು ಬೆರಳು ಆಳ ಸಾಕು ಮಾನಪ್ಪಾ, ಜಾಸ್ತಿ ಆದ್ರೆ ಮರಕ್ಕೆ ಉರಿ. ಒಂದು ಚೂರು ಅದಕ್ಕೆ ತುರುಕು. ಮಿಕ್ಕಿದ್ದನ್ನ ಬುಡಕ್ಕೆ ಹಾಕಿ ದಿನಾ ನಾಲ್ಕು ಕೊಡ ನೀರು ಹುಯ್ಯಿ. ಔಷಧಿ ಇಳೀಬೇಕಲ್ಲ."

"ಹೌದ್ರಿ, ಖರೆ ಐತಿ," ಅಂದ ಮಾನಪ್ಪ. ಆದಿನಾರಾಯಣನ ಬೋರ್‌ವೆಲ್ಲಿನ ನೀರನ್ನು ಆದಿನಾರಾಯಣನ ಸಂಬಳ ತಿನ್ನುವವನೇ ಹುಣಸೆಗೆ ದಿನಾ ಉಣಿಸಿದ. ಜನವರಿಯಲ್ಲಿ ಮತ್ತೊಂದು ಉಂಡೆ, ಫೆಬ್ರವರಿಯಲ್ಲಿ ಇನ್ನೊಂದು. ಪ್ರತಿ ಸಲವೂ ಪಟಾಲಮ್ಮ ಅಪ್ಪಟ ಇಂಗಿನ ರೇಟೇ ಹಾಕಿದಳು.

ಹಳೇ ಎಲೆ ಉದುರಿಸಿ ಹೊಸದು ಬಿಡುವುದು ಹುಣಸೆಯ ಪದ್ಧತಿ. ರಾಗಿ ಬೆಳೆದ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಫೆಬ್ರವರಿ ಕೊನೆಗೆ ಮರ ಹಳದಿಯಾಗಿ ಎಲೆ ಸುರಿಯತೊಡಗಿದಾಗ ಆದಿನಾರಾಯಣ ಅಂಗಡಿ ಮುಂದೆ ಕಾರು ನಿಲ್ಲಿಸಿ ಮೇಲೆ ನೋಡಿದ.

"ಯಾಕಮ್ಮಾ, ಈ ಮರ ಹೀಗಾಗೋಯ್ತು?"

ಪಟಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ರೋಗ ಬಂದಿರ್ಬೇಕು ಸ್ವಾಮಿ. ವಯಸ್ಸೂ ಆಗಿತ್ತಲ್ಲ."

ಅವನು ಆ ದಿನ ಎರಡು ಸೋಡಾ ಕುಡಿದ. ಅದೇ ವಾರ ರ‍್ಯಾಂಪಿಗೆ ಕಂಬಿ ಕಟ್ಟಿಸಿ ಕಾಂಕ್ರೀಟು ಹಾಕಿಸಿದ, ಗೇಟಿನ ಕಂಬ ಎಬ್ಬಿಸಿದ, ಮಳಿಗೆ ಎರಡಕ್ಕೂ ಮುಂಗಡ ತೆಗೆದುಕೊಂಡ. ಅರಣ್ಯ ಇಲಾಖೆಗೆ ಅರ್ಜಿಯನ್ನೂ ಬರೆದು ಕೊಟ್ಟ: ರಸ್ತೆ ಬದಿಯ ಹುಣಸೆ ಒಣಗಿದೆ, ಬೀಳುವ ಅಪಾಯವಿದೆ.

ಕಚೇರಿ ಕಾಗದ ಕಚೇರಿ ನಡಿಗೆಯಲ್ಲೇ ಬಂತು. ಅಧಿಕಾರಿ ಬರುವ ಹೊತ್ತಿಗೆ ಮೇ ತಿಂಗಳು. ಮೂರು ತಿಂಗಳು ಹಿಂಡಿ ತಿಂದು ನೀರು ಕುಡಿದಿದ್ದ ಹುಣಸೆ, ಆಕಾಶ ಕಾಣದ ಹಾಗೆ ಚಿಗುರಿ ನಿಂತಿತ್ತು. ಆದಿನಾರಾಯಣನಿಗೆ ಚಿಗುರು ಕಂಡಾಗ ಕಾಂಕ್ರೀಟು ಗಟ್ಟಿಯಾಗಿತ್ತು, ಅರ್ಜಿ ಕಚೇರಿ ಸೇರಿತ್ತು. ಅದಕ್ಕೆ ಮುಂಚೆಯೇ, ತಪ್ಪು ಅವನ ತಲೆಗೆ ಬರದಿರಲಿ ಅಂತ, ಪಟಾಲಮ್ಮ ಮಾನಪ್ಪನಿಗೆ ಬೆನ್ಸನ್ ಟೌನಿನ ಗಿರಾಕಿಯೊಬ್ಬರ ಮನೆಯಲ್ಲಿ ಕೆಲಸ ಕೊಡಿಸಿ ಕಳಿಸಿದ್ದಳು.

ಅಧಿಕಾರಿ ಅರ್ಜಿ ನೋಡಿದರು, ಮರ ನೋಡಿದರು. "ಒಣಗಿರೋ ಮರ ಎಲ್ರೀ?"

ಆದಿನಾರಾಯಣ ಕತ್ತೆತ್ತಿ ಮರ ನೋಡಿದ. ಅಧಿಕಾರಿ ಬುಡದ ಹತ್ತಿರ ಬಗ್ಗಿದರು.

"ಬುಡದಲ್ಲಿ ತೂತು ಯಾರ್ ಕೊರೆದಿದ್ದು?"

"ಅದು ಔಷಧಿಗೆ ಸಾರ್," ಪಟಾಲಮ್ಮ ಅಂಗಡಿಯಿಂದಲೇ ಕೂಗಿದಳು. "ಇವರೇ ಹಾಕಿಸಿದ್ದು. ಮರ ಅಂದ್ರೆ ಇವರಿಗೆ ಪ್ರಾಣ. ಅಲ್ವಾ ಸ್ವಾಮಿ?"

ಅಲ್ಲ ಅನ್ನುವ ಹಾಗಿರಲಿಲ್ಲ. ಹೌದು ಅಂದ. ಅಧಿಕಾರಿ ಅದನ್ನೂ ಬರೆದುಕೊಂಡರು. ಕಡಿಯುವಂತಿಲ್ಲ, ಕೊಂಬೆ ಮುಟ್ಟುವಂತಿಲ್ಲ, ಬುಡದ ಸುತ್ತ ನಾಲ್ಕಡಿ ಮಣ್ಣು ಬಿಡಬೇಕು, ಮರಕ್ಕೆ ಏನಾದರೂ ಆದರೆ ಇವರೇ ಜವಾಬ್ದಾರಿ ಅಂತ ಸಹಿ ಹಾಕಿಸಿಕೊಂಡು ಹೋದರು.

ಅವರ ಜೀಪು ಮರೆಯಾದ ಮೇಲೆ ಆದಿನಾರಾಯಣ ಬಂದು ಸ್ಟೂಲಿನ ಮೇಲೆ ಕೂತ. ಅವಳು ಸೋಡಾ ಕೊಡಲಿಲ್ಲ.

"ಏನಮ್ಮಾ ಆ ಇಂಗು?"

"ಮೈದಾ. ಹಲಸಿಗೆ ಹಾಕಿದ್ರಲ್ಲ, ಅದು ಅಸಲಿ."

ಅವನು ಮುಖ ತಗ್ಗಿಸಿದ. "ಅವತ್ತೇ ಗೊತ್ತಿತ್ತಾ?"

"ಅವತ್ತೇ."

"ಐದು ವರ್ಷ ಸೋಡಾ ಕೊಟ್ರಲ್ಲಮ್ಮಾ! ಈಗ ಏನ್ ಬೇಕು ಹೇಳಿ, ಕೊಡ್ತೀನಿ. ನಿಮ್ಮ ಕಾಂಪೌಂಡ್ ಕಡೆ ಆರಡಿ ಬಿಟ್ಟುಕೊಡಿ, ಗೇಟು ತಿರುಗಿಸ್ಕೋತೀನಿ."

"ಆರಂಗುಲ ಕೊಡಲ್ಲ. ನೀವು ಹಾಕ್ಸಿದ್ದನ್ನ ನೀವೇ ಒಡೆಸ್ಬೇಕು, ನಾನು ಇಲ್ಲಿ ಕೂತು ನೋಡ್ಬೇಕು. ಇಷ್ಟೇ ನನಗೆ ಬೇಕಾಗಿರೋದು."

ರ‍್ಯಾಂಪು ಒಡೆಯಲು ಹನ್ನೊಂದು ದಿನ ಹಿಡಿಯಿತು. ಆಮೇಲೆ, ಹೊಸ ರ‍್ಯಾಂಪು ಬಲಕ್ಕೆ ಹಾಕಲು, ಆಗಲೇ ಎದ್ದಿದ್ದ ಎರಡು ಮಳಿಗೆ. ಧೂಳು ಬಂದು ಬೆಲ್ಲದ ಮೇಲೆ ಕೂತಿತು, ಬೇಳೆಯ ಮೇಲೆ ಕೂತಿತು. ಬೇರೆ ಯಾರಾದರೂ ಆಗಿದ್ದರೆ ದೂರು ಕೊಡುತ್ತಿದ್ದರು. ಪಟಾಲಮ್ಮ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು, ಗಿರಾಕಿಗಳಿಗೆ ಬೆನ್ನು ಹಾಕಿ ಕೂತಳು. ಎದುರುಮನೆಯ ಧನಲಕ್ಷ್ಮಿ ಕಿವಿ ಮುಚ್ಚಿಕೊಂಡು ಬಂದು, "ಇನ್ನೂ ಎಷ್ಟು ದಿನಾನಮ್ಮಾ ಈ ಗಲಾಟೆ? ಬೇಗ ಮುಗಿಸೋಕೆ ಹೇಳ್ಬಾರ್ದಾ?" ಅಂದಳು.

"ಅವಸರ ಏನಿದೆ," ಅಂದಳು ಪಟಾಲಮ್ಮ, ಕಣ್ಣು ತೆಗೆಯದೆ. "ನಿಧಾನಕ್ಕೆ ಒಡೀಲಿ ಬಿಡು."