ಜೋಮು ಇಳಿಯುವ ತನಕ

ಬೆಳಗ್ಗೆ ಆರೂ ಮುಕ್ಕಾಲು. ದಂತ ಚಿಕಿತ್ಸಾಲಯದ ಶಟರ್ ಅರ್ಧ ಮಾತ್ರ ಮೇಲೆ ಹೋಗಿದೆ. ಒಳಗೆ, ಕೈ ತೊಳೆಯುವ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಐವತ್ತೆಂಟರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೂತಿದ್ದಾರೆ. ಹಿಂದೆ ಇಕ್ಕಳ, ಕನ್ನಡಿಗಳನ್ನು ಕಾಯಿಸಿ ಶುದ್ಧ ಮಾಡುವ ಯಂತ್ರ ಗುಂಯ್‌ಗುಡುತ್ತಿದೆ. ಅದರ ಕೆಂಪು ದೀಪ ಆರಲು ಇನ್ನೂ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಇವರದು. ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ನಿನ್ನೆ ಬಂದ ಐದು ಮಕ್ಕಳ ಹೆಸರು, ಎದುರಿಗೆ ಮನೆಯ ಫೋನ್ ನಂಬರು.

ಮೊದಲ ಮನೆಯಲ್ಲಿ ತಾಯಿ ಫೋನ್ ಎತ್ತುತ್ತಾಳೆ. "ನೀವಲ್ಲಮ್ಮ, ಹಲ್ಲಿನ ಯಜಮಾನರಿಗೆ ಕೊಡಿ" ಎನ್ನುತ್ತಾರೆ ಇವರು. ಯಜಮಾನರಿಗೆ ಐದು ವರ್ಷ. ನಿದ್ದೆ ಬಂತಾ, ದಿಂಬಿಗೆ ರಕ್ತ ಆಗಿತ್ತಾ, ಕೆನ್ನೆ ಮುಟ್ಟಿ ನೋಡು, ಬಿಸಿ ಇದೆಯಾ ಎಂದು ಒಂದೊಂದಾಗಿ ವಿಚಾರಣೆ ನಡೆಯುತ್ತದೆ. ಆಮೇಲೆ ತಾಯಿಯ ಸರದಿ. ಇವತ್ತು ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಮೆಲ್ಲಗೆ ಬಾಯಿ ಆಡಿಸಲಿ, ಹಲ್ಲು ಕಿತ್ತ ಜಾಗ ಬಿಟ್ಟು ಉಳಿದ ಹಲ್ಲು ಉಜ್ಜಲಿ, ಜ್ವರ ಬಂದರೂ ಬಾವು ಹೆಚ್ಚಿದರೂ ಕಾಯುತ್ತ ಕೂರಬೇಡಿ, ಕರೆದುಕೊಂಡು ಬನ್ನಿ. ಮೂರು ನಿಮಿಷ ಮುಗಿಯಿತು. ಹೆಸರಿನ ಮುಂದೆ ಒಂದು ಗೆರೆ, ಮುಂದಿನ ಮನೆ.

ರಿಜಿಸ್ಟರಿನಲ್ಲಿ ಇವರ ಹುದ್ದೆ ಸಹಾಯಕಿ. ಮಕ್ಕಳ ಬಾಯಲ್ಲಿ ಹತ್ತಿ ಅತ್ತೆ. ಹಲ್ಲು ಕಿತ್ತ ಜಾಗಕ್ಕೆ ಹತ್ತಿಯ ಉಂಡೆ ಇಟ್ಟು, "ಕಚ್ಚಿ ಹಿಡಿ, ಬಿಟ್ರೆ ಓಡಿಹೋಗುತ್ತೆ" ಎಂದು ಅರ್ಧ ಗಂಟೆ ಕೂರಿಸುವವರು ಇವರೇ. ನೆಲ ಒರೆಸುವುದು, ಕುರ್ಚಿ ತೊಳೆಯುವುದು, ಸರದಿ ಕೂಗುವುದು ಕೂಡ ಇವರ ಪಾಲಿಗೇ. ಬೆಳಗಿನ ಫೋನ್ ಮಾತ್ರ ಯಾರೂ ಹೇಳಿದ್ದಲ್ಲ. ಅದು ದೊಡ್ಡವರಿಗಿಲ್ಲ, ಬರೀ ಮಕ್ಕಳಿಗೆ. ಹಲ್ಲು ಕೀಳಿಸಿಕೊಂಡ ನಿವೃತ್ತ ಮೇಷ್ಟರೊಬ್ಬರು ನನಗ್ಯಾಕೆ ಫೋನ್ ಇಲ್ಲ ಎಂದು ಮುಖ ಊದಿಸಿಕೊಂಡಿದ್ದನ್ನು ನಾನೇ ಕಂಡೆ.

ಇವರನ್ನು ಮಾತಾಡಿಸಿ ಇವರ ಬಗ್ಗೆ ಬರೆಯಲೆಂದು ಮೂರು ದಿನ ಇಲ್ಲಿಗೆ ಬಂದಿದ್ದೇನೆ. ಹಲ್ಲಿನ ಕುರ್ಚಿ ಕಂಡರೆ ಬಾಲ ಮುದುರುವವರಲ್ಲಿ ನಾನೂ ಒಬ್ಬ. ಹಾಗಾಗಿ ಬಾಗಿಲ ಹತ್ತಿರವೇ ಕೂತು ಬರೆದುಕೊಳ್ಳುತ್ತಿದ್ದೇನೆ. ಕೂತಲ್ಲಿಂದಲೇ ತಿಳಿದ ಸಂಗತಿಯೆಂದರೆ, ಡಾಕ್ಟರ ಕೆಲಸ ಹತ್ತು ನಿಮಿಷದ್ದು, ಮನೆಯವರ ಕೆಲಸ ಮೂರು ಗಂಟೆಯದ್ದು. ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ಮಗುವಿನ ತುಟಿ, ಕೆನ್ನೆ ಎರಡು ಮೂರು ಗಂಟೆ ಜೋಮು ಹಿಡಿದಿರುತ್ತದೆ. ನೋವು ಗೊತ್ತಾಗುವುದಿಲ್ಲ. ತಮಾಷೆಯಾಗಿದೆಯಲ್ಲ ಎಂದು ಮಗು ತನ್ನ ತುಟಿಯನ್ನೇ ಅಗಿಯುತ್ತದೆ. ಜೋಮು ಇಳಿಯುವಷ್ಟರಲ್ಲಿ ತುಟಿ ಹೋಳಾಗಿರುತ್ತದೆ.

ಅದಕ್ಕೆ ಅತ್ತೆಯದೇ ಒಂದು ವಿದ್ಯೆ ಇದೆ. ಮನೆಗೆ ಹೊರಟ ಮಗುವಿನ ಮಣಿಕಟ್ಟಿನ ಮೇಲೆ ನೀಲಿ ಪೆನ್ನಿನಲ್ಲಿ ಗಡಿಯಾರ ಬರೆಯುತ್ತಾರೆ. "ತುಟಿ ಮಲಗಿದೆ. ಈ ಮುಳ್ಳಿನ ಹೊತ್ತಿಗೆ ಏಳುತ್ತೆ. ಅಲ್ಲೀವರೆಗೂ ಯಾರೂ ಎಬ್ಬಿಸಬಾರದು, ನೀನೇ ಕಾವಲು." ಆ ತನಕ ಊಟವಿಲ್ಲ. ಆಮೇಲೆ ತಣ್ಣನೆ ಹಾಲು, ಹಿಸುಕಿದ ಬಾಳೆಹಣ್ಣು. ಸ್ಟ್ರಾ ಹಾಕಿ ಹೀರುವಂತಿಲ್ಲ. ಮಕ್ಕಳು ಈ ನೌಕರಿಯನ್ನು ಎಷ್ಟು ಗಂಭೀರವಾಗಿ ಮಾಡುತ್ತಾರೆಂದರೆ, ಮನೆಯಲ್ಲಿ ಅಪ್ಪ ಜೋರಾಗಿ ಸೀನಿದರೂ ಗದರಿಸುತ್ತಾರಂತೆ.

ದಿನಕ್ಕೆ ನಾಲ್ಕರಿಂದ ಏಳು ಫೋನ್. ಹತ್ತೊಂಬತ್ತು ವರ್ಷ. ಕಪಾಟಿನಲ್ಲಿ ನಲವತ್ತೊಂದು ನೋಟ್‌ಬುಕ್ಕು. ಮೊದಮೊದಲು ತಿಂಗಳಿಗೆ ಎರಡಾದರೂ ಕಚ್ಚಿದ ತುಟಿಗಳು ವಾಪಸು ಬರುತ್ತಿದ್ದವು, ಕಳೆದ ವರ್ಷ ಇಡೀ ವರ್ಷಕ್ಕೆ ಮೂರು. ಫೋನ್ ಯಾಕೆ, ಚೀಟಿ ಬರೆದುಕೊಟ್ಟಿದ್ದೀವಲ್ಲ ಎಂದು ಡಾಕ್ಟರು ಶುರುವಿನಲ್ಲಿ ಹುಬ್ಬು ಗಂಟಿಕ್ಕಿದ್ದರು. ಚಿಕಿತ್ಸೆ ಅರ್ಧಕ್ಕೇ ನಿಲ್ಲಿಸಿ ಹೋಗುವ ಮಕ್ಕಳು ಕಡಿಮೆಯಾದದ್ದು ಕಂಡು ಸುಮ್ಮನಾದರು. ಈಗ ಹೊಸ ಡಾಕ್ಟರು ಸೇರಿದರೆ ಮೊದಲ ಪಾಠ ಅತ್ತೆಯ ಹತ್ತಿರವೇ.

ಇಷ್ಟೆಲ್ಲ ಯಾಕೆ ಹಚ್ಚಿಕೊಂಡಿರಿ ಎಂದು ಕೇಳಿದ್ದಕ್ಕೆ ಮೊದಲ ದಿನ ಸರದಿ ಕೂಗಲು ಎದ್ದು ಹೋದರು. ಎರಡನೇ ದಿನ ಮಧ್ಯಾಹ್ನ, ಅವರೇ ಸ್ಟೂಲು ಎಳೆದುಕೊಂಡು ಕೂತರು.

ಅವರ ಮಗನಿಗೆ ಏಳು ವರ್ಷವಿದ್ದಾಗ ಬೇರೆಲ್ಲೋ ಒಂದು ದವಾಖಾನೆಯಲ್ಲಿ ಹಲ್ಲು ಕೀಳಿಸಿ ಮನೆಗೆ ಕರೆತಂದರು. ಹುಡುಗ ಕಿಟಕಿಯ ಹತ್ತಿರ ತೆಪ್ಪಗೆ ಕೂತಿದ್ದ. ಎಂದೂ ಇಲ್ಲದ ಜಾಣ ಇವತ್ತು ಎಂದುಕೊಂಡು ತಾಯಿ ಬಟ್ಟೆ ಒಗೆಯಲು ಕೂತರು. ಅವನು ತುಟಿ ಅಗಿಯುತ್ತಿದ್ದ. ಮಾರನೇ ದಿನ ತುಟಿ ಊದಿ, ಅದರ ಮೇಲೆ ಬೆಳ್ಳನೆಯ ಪದರ. ಕೀವಾಗಿದೆ ಎಂದು ಇವರಿಗೆ ಜೀವವೇ ಬಾಯಿಗೆ ಬಂತು. ಒದ್ದೆ ಬಟ್ಟೆ ತಂದು ಉಜ್ಜಿದರು. ಹೋಗಲಿಲ್ಲ, ಇನ್ನೂ ಉಜ್ಜಿದರು. ಗಾಯ ಮತ್ತೆ ಹರಿದು ತುಟಿಯ ಮೇಲೆ ಕಲೆ ಉಳಿಯಿತು. ಆವತ್ತಿನಿಂದ ಅವನು ಯಾವ ದಂತವೈದ್ಯರಿಗೂ ಬಾಯಿ ತೆರೆದಿಲ್ಲ. ಈಗ ಮೂವತ್ತೈದು. ಲಿಫ್ಟ್ ರಿಪೇರಿಯವನು, ಹನ್ನೆರಡನೇ ಮಹಡಿಯ ಎತ್ತರದಲ್ಲಿ, ಲಿಫ್ಟ್ ಓಡಾಡುವ ಬಾವಿಯೊಳಗೆ ಒಂದು ಹಗ್ಗದ ಮೇಲೆ ನೇತಾಡುತ್ತಾನೆ. ಹಿಂದಿನ ಹಲ್ಲು ಹುಳುಕಾಗಿ ಒಂದೇ ಮಗ್ಗುಲಲ್ಲಿ ಉಣ್ಣುತ್ತಾನೆ, ನಗುವಾಗ ಕೈ ಅಡ್ಡ ಹಿಡಿಯುತ್ತಾನೆ. ತುಟಿ ಕೆಡಿಸಿದ್ದು ಆ ಡಾಕ್ಟರು ಎಂದು ಬೈಯುತ್ತಲೇ ಬಂದಿದ್ದಾನೆ.

ತಾಯಿಗೂ ಹಾಗೇ ಅನಿಸಿತ್ತು. ಆಮೇಲೆ ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ನೆಲ ಒರೆಸುತ್ತಿದ್ದಾಗ, ಒಳಗೆ ಡಾಕ್ಟರು ಯಾರದೋ ತಾಯಿಗೆ ಹೇಳುವುದು ಕಿವಿಗೆ ಬಿತ್ತು. ಕಚ್ಚಿದ ತುಟಿಯ ಮೇಲಿನ ಬಿಳಿ ಕೀವಲ್ಲ, ಗಾಯ ಮಾಯುತ್ತಿರುವ ಪದರ, ಮುಟ್ಟಬೇಡಿ. "ಒರೆಸೋ ಕೋಲು ಕೈಯಲ್ಲಿ ಹಿಡ್ಕೊಂಡು ಹಾಗೇ ನಿಂತುಬಿಟ್ಟೆ. ನನ್ನ ಕೈಯಾರೆ ಮಾಡಿದ್ದು ಅಂತ ಆಗ ಗೊತ್ತಾಯ್ತು" ಎನ್ನುತ್ತಾರೆ. ಮಾರನೇ ಬೆಳಗ್ಗೆ ಮೊದಲ ಫೋನ್ ಮಾಡಿದರು. ಮಗನಿಗೆ ಮಾತ್ರ ವಿಷಯ ಹೇಳಲಿಲ್ಲ. ಬಾಯಿ ಬರಲಿಲ್ಲವಂತೆ.

ಇದನ್ನೆಲ್ಲ ಅವರು ಅದೇ ದಿನ ಹೇಳಲು ಕಾರಣ, ಇನ್ನೊಂದು ಗಂಟೆಯಲ್ಲಿ ಆ ಮಗ ಬರುವವನಿದ್ದ. ಅವನ ಆರು ವರ್ಷದ ಮಗಳ ಹುಳುಕು ಹಲ್ಲು ತೆಗೆಯಬೇಕು. ಸೊಸೆಗೆ ರಜೆ ಸಿಕ್ಕಿಲ್ಲ, ಅತ್ತೆಗೆ ಸಂಜೆಯವರೆಗೂ ಕೆಲಸ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳಬೇಕಾದವನು ಹಲ್ಲಿನ ಮಾತೆತ್ತಿದರೆ ಬೆವರುವ ಈ ಅಪ್ಪ. ಅವನ ಹೆದರಿಕೆ ಮೊಮ್ಮಗಳಿಗೂ ಅಂಟಿಬಿಟ್ಟರೆ ಏನು ಗತಿ ಎಂಬುದೊಂದೇ ಅತ್ತೆಯ ಚಿಂತೆ.

ಹಲ್ಲು ಸಲೀಸಾಗಿ ಬಂತು. ಅಪ್ಪ ಹೊಸಿಲು ದಾಟದೆ ಹೊರಗೇ ನಿಂತಿದ್ದ. ಅತ್ತೆ ಅವನನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲ ಮನೆಯವರಿಗೂ ಹೇಳುವಂತೆ ಸಾಲಾಗಿ ಹೇಳಿದರು. ಹತ್ತಿ, ಜೋಮು, ಹಾಲು. ಬಿಳಿ ಪದರದ ಹತ್ತಿರ ಬಂದು ದನಿ ತಗ್ಗಿತು.

"ನಾಳೆ ತುಟಿ ಮೇಲೆ ಬೆಳ್ಳಗೇನಾದ್ರೂ ಕಂಡ್ರೆ ಒರೆಸಬೇಡ. ನಿನಗೆ ನಾನು ಒರೆಸಿದ್ದೆ."

"ಡಾಕ್ಟರ್ ಅಲ್ವಾ?"

"ಅವರು ಹಲ್ಲು ಸರಿಯಾಗೇ ಕಿತ್ತಿದ್ರು. ನೀನು ತುಟಿ ಅಗಿಯೋವಾಗ ನೋಡದೇ ಇದ್ದವಳು ನಾನು. ಮಾರನೇ ದಿನ ಉಜ್ಜಿದವಳೂ ನಾನೇ. ನೀನು ಕಿರುಚಿದೆ, ಆದರೂ ಬಿಡಲಿಲ್ಲ."

ಅವನು ಮಗಳನ್ನು ಎತ್ತಿಕೊಂಡು ಹೊರಟುಹೋದ. ಅತ್ತೆ ಆ ಸಂಜೆ ಎರಡು ಸಲ ಟ್ರೇ ಬೀಳಿಸಿದರು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು ಎಂದು ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದರು. ನನಗೂ ಅವರ ಮುಖ ನೋಡಲಾಗಲಿಲ್ಲ.

ಮೂರನೇ ದಿನದ ಬೆಳಗ್ಗೆ ಪಟ್ಟಿಯಲ್ಲಿ ನಾಲ್ಕು ಹೆಸರು. ಮೊಮ್ಮಗಳದು ಮೊದಲನೆಯದು. ಅದನ್ನು ಬಿಟ್ಟು ಉಳಿದ ಮೂರನ್ನು ಮುಗಿಸುತ್ತಾರೆ. ಬೆರಳು ಆ ಹೆಸರಿನ ಮೇಲೆ ಒಂದು ನಿಮಿಷ ನಿಲ್ಲುತ್ತದೆ. ಕೊನೆಗೆ ನಂಬರು ಒತ್ತಿ, ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಹೂಂ, ಹೂಂ ಎಂಬುದಷ್ಟೇ ನನಗೆ ಕೇಳುತ್ತದೆ. ಮಾತು ಮುಗಿಸಿ ತಿರುಗಿದಾಗ ಕಣ್ಣು ಒದ್ದೆ, ಮುಖದ ತುಂಬ ನಗು.

ಮಗ ಹೇಳಿದ್ದನ್ನು ಅವರೇ ಒಪ್ಪಿಸುತ್ತಾರೆ. ಮೂರು ಗಂಟೆ ಇಪ್ಪತ್ತು ನಿಮಿಷ ಕಣ್ಣಲ್ಲಿ ಕಣ್ಣಿಟ್ಟು ಮಗಳ ತುಟಿ ಕಾಯ್ದನಂತೆ. ತುಟಿಯ ಮೇಲೆ ಒಂದು ಗೀರೂ ಇಲ್ಲ. ಹುಡುಗಿ ಹಾಲು ಕುಡಿದು, ಕಿತ್ತ ಹಲ್ಲನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದಿದ್ದಾಳೆ. ಆಮೇಲೆ ಅವನು ಅಂದನಂತೆ: "ಇಪ್ಪತ್ತೆಂಟು ವರ್ಷ ಆ ಡಾಕ್ಟರನ್ನ ಬೈದಿದ್ದೀನಲ್ಲಮ್ಮ, ಅದೆಲ್ಲ ನಿನ್ನ ಲೆಕ್ಕಕ್ಕೆ." ಹೇಳಿ ನಕ್ಕನಂತೆ. ನಿಮ್ಮ ಡಾಕ್ಟರಿಗೆ ಯಾವತ್ತು ಬಿಡುವು ಎಂದೂ ಕೇಳಿದ್ದಾನೆ.

ಇದನ್ನೆಲ್ಲ ಬರೆಯಲೇ ಎನ್ನುತ್ತೇನೆ. ಬರೀರಿ, ಇನ್ನೊಬ್ಬ ತಾಯಿ ಉಜ್ಜದೇ ಇದ್ರೆ ಸಾಕು ಎನ್ನುತ್ತಾರೆ. ಯಂತ್ರದ ಕೆಂಪು ದೀಪ ಆರಿದೆ. ಅವರು ಏಳುವ ಮೊದಲು ನೋಟ್‌ಬುಕ್ಕಿನ ಹೊಸ ಪುಟಕ್ಕೆ ಒಂದು ಹೆಸರು ಬರೆಯುತ್ತಾರೆ.

"ಮಂಗಳವಾರ ಮಗ ಬರ್ತಾನೆ. ಮಕ್ಕಳ ಪಟ್ಟೀಲೇ ಬರ್ಕೊಂಡಿದ್ದೀನಿ" ಎನ್ನುತ್ತಾರೆ. "ಬುಧವಾರ ಬೆಳಗ್ಗೆ ಅವನಿಗೂ ಫೋನ್ ಮಾಡ್ಬೇಕಲ್ಲ."