ಹೊಳೆಗೆ ಬಿಟ್ಟ ನಾಟಕ

ಗಣಿಯ ದುಡ್ಡು ಬಳ್ಳಾರಿಯಲ್ಲಿ ಕುಣಿಯುತ್ತಿದ್ದ ಕಾಲದಲ್ಲಿ ನಾನು ಕೌಲ್ ಬಜಾರಿನ ಒಂದು ಸಣ್ಣ ಮಳಿಗೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೆ. ನಿನ್ನೆಯವರೆಗೆ ಲಾರಿ ತೊಳೆಯುತ್ತಿದ್ದವರು ಇವತ್ತು ಬಂದು, ಹೆಸರಿನ ಕೆಳಗೆ ‘ಮಾಲೀಕರು’ ಅಂತ ಹಾಕಿ ವಿಸಿಟಿಂಗ್ ಕಾರ್ಡ್ ಮಾಡಿಕೊಡಿ ಅನ್ನುತ್ತಿದ್ದರು. ಮಾಡಿಕೊಡುತ್ತಿದ್ದೆ, ನನ್ನ ಗಂಟೇನು ಹೋಗುತ್ತದೆ? ಆದರೆ ಆ ಲಾರಿಗಳು ಎಬ್ಬಿಸುತ್ತಿದ್ದ ಕೆಂಪು ಧೂಳಿನ ಮೇಲೆ ಮಾತ್ರ ನನಗೆ ಕೆಟ್ಟ ಸಿಟ್ಟಿತ್ತು. ಬೆಳಿಗ್ಗೆ ಒರೆಸಿಟ್ಟ ಕೀಬೋರ್ಡ್ ಮಧ್ಯಾಹ್ನದ ಹೊತ್ತಿಗೆ ಕುಂಕುಮದ ಬಟ್ಟಲಿನಂತಾಗುತ್ತಿತ್ತು.

ಆಗ ಬಾದನಹಟ್ಟಿಯಿಂದ ಒಬ್ಬ ಹಾರ್ಮೋನಿಯಂ ಮಾಸ್ತರರು ಬಂದರು. ಊರೂರಿನ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತ, ಪಾತ್ರಧಾರಿಗಳಿಗೆ ಮಾತು ಕಲಿಸುತ್ತ ತಲೆ ನೆರೆಸಿಕೊಂಡವರು. ಜೀವನವಿಡೀ ಬೇರೆಯವರ ನಾಟಕ ಆಡಿಸಿ, ಕೊನೆಗೆ ತಾವೇ ಒಂದನ್ನು ಬರೆದಿದ್ದರು. ಅಣ್ಣತಮ್ಮಂದಿರ ಜಗಳದ ಸಾಮಾಜಿಕ ನಾಟಕ. ಕುರುಗೋಡಿನ ಕಲಾವಿದರು ಅದನ್ನು ಆಡುತ್ತೇವೆಂದು ಒಪ್ಪಿದ್ದರು. ತಾಲೀಮು ಶುರುವಾಗಬೇಕಾದರೆ ಅಚ್ಚಾದ ಪುಸ್ತಕ ಕೈಗೆ ಬರಬೇಕಿತ್ತು.

ಅವರ ಕೈಬರಹ ಅವರಿಗೊಬ್ಬರಿಗೇ ಓದಲು ಬರುತ್ತಿತ್ತು. ಹಾಗಾಗಿ ಪಕ್ಕದಲ್ಲಿ ಕೂತು ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಓದುವುದೆಂದರೆ ಸುಮ್ಮನೆ ಓದುವುದಲ್ಲ, ಆಡಿಯೇ ತೋರಿಸುವುದು. ಒಂದು ದಿನ ಖಳನಾಯಕನ ಪಾತ್ರದಲ್ಲಿ ‘ನಿನ್ನ ಸೊಕ್ಕು ಮುರೀದಿದ್ರ ನಾನು ಗಂಡಸ ಅಲ್ಲ’ ಎಂದು ಗುಡುಗಿದರು. ಎರಡು ಅಂಗಡಿ ಆಚೆ ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಖಾಲಾನ ಮಗ, ಅಂದರೆ ಚಿಕ್ಕಮ್ಮನ ಮಗ, ಯಾರೋ ತನ್ನ ಅಕ್ಕನ ಮೇಲೆ, ಅವನ ಬಾಯಲ್ಲಿ ‘ಆಪಾ’ ಆದ ನನ್ನ ಮೇಲೆ, ಏರಿ ಬಂದರೆಂದು ಸ್ಕ್ರೂಡ್ರೈವರ್ ಹಿಡಿದು ಓಡಿ ಬಂದ. ವಿಷಯ ತಿಳಿದ ಮೇಲೆ ನಾಚಿಕೊಂಡು, ಅಲ್ಲೇ ಕೂತು ಒಂದು ದೃಶ್ಯ ಪೂರಾ ಕೇಳಿ ಹೋದ.

ಅಂತೂ ಟೈಪಿಂಗ್ ಮುಗಿಯಿತು. ಪ್ರಿಂಟ್ ತೆಗೆಯುವಷ್ಟರಲ್ಲಿ ಕರೆಂಟ್ ಹೋಯಿತು. ‘ಇನ್ನೊಂದು ವಾರ ಬಿಟ್ಟು ಬರ್ರಿ’ ಎಂದು ಮಾಸ್ತರರನ್ನು ಕಳಿಸಿದೆ. ಆ ವಾರದಲ್ಲೇ ನನ್ನ ಕಂಪ್ಯೂಟರ್ ಕಣ್ಣು ಮುಚ್ಚಿತು. ಬಟನ್ ಒತ್ತಿದರೆ ಒಳಗೆ ಫ್ಯಾನು ಗೊರಗೊರ ಅನ್ನುತ್ತಿತ್ತು, ಪರದೆ ಮಾತ್ರ ಕಪ್ಪು. ನಾನೇನೂ ಗಾಬರಿಯಾಗಲಿಲ್ಲ. ಮೂಲ ಪ್ರತಿ ಇದೆಯಲ್ಲ, ಇನ್ನೊಂದು ಸಲ ಟೈಪ್ ಮಾಡಿದರಾಯಿತು ಅಂದುಕೊಂಡೆ.

ಮಾಸ್ತರರು ಹೊಸ ಅಂಗಿ ಹಾಕಿಕೊಂಡು ನಗುನಗುತ್ತ ಬಂದರು. ‘ಕಂಪ್ಯೂಟರ್ ಕೆಟ್ಟೈತ್ರಿ ಮಾಸ್ತರ. ನಿಮ್ಮ ಹಳೇ ಬುಕ್ಕು ತರ್ರಿ, ಮತ್ತೊಮ್ಮೆ ಹೊಡಿತೀನಿ’ ಅಂದೆ.

ಅವರ ನಗು ಅಲ್ಲೇ ನಿಂತುಹೋಯಿತು. ‘ಅದನ್ನ ಹೊಳಿಗೆ ಬಿಟ್ಟೀನಿ ಯವ್ವಾ’ ಅಂದರು.

‘ಏನಂದ್ರಿ?’

‘ಹಾಳಿ ಎಲ್ಲಾ ಹರದಿದ್ದುವು. ಕಂಪ್ಯೂಟರ್‌ದಾಗ ಭದ್ರ ಐತಲ್ಲ ಅಂದ್ಕೊಂಡೆ. ಸರಸ್ವತಿನ ಕಸಕ್ಕ ಹಾಕಾಕ ಆಗ್ತೈತೇನು? ಮಗಳ ಮನಿಗಂತ ಕರೂರಿಗಿ ಹೋಗಿದ್ದೆ, ಸಿರುಗುಪ್ಪದ ಕಡಿ ಹೊಳಿಗೆ ಹೂ ಏರಿಸಿ ಬಿಟ್ಟು ಬಂದೆ.’

ಸಿಟ್ಟು ನೆತ್ತಿಗೇರಿತು. ‘ಪುಸ್ತಕ ಕೈಗೆ ಬರೂಮಟ ತಡ್ಯಾಕ ಏನಾಗಿತ್ರಿ ನಿಮಗ? ಹೊಳಿ ಎಲ್ಲಿಗಾದ್ರು ಓಡಿ ಹೋಗ್ತಿತ್ತೇನು?’ ಎಂದು ಬೈದೆ. ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ನೋಡಿ ನನಗೇ ಸಂಕಟವಾಯಿತು. ನಮ್ಮ ಮನೆಯಲ್ಲೂ ಹರಿದ ಕುರಾನಿನ ಹಾಳೆಗಳನ್ನು ಅಬ್ಬಾ, ನಮ್ಮಪ್ಪ, ಹೀಗೆಯೇ ಹರಿಯುವ ನೀರಿಗೆ ಬಿಟ್ಟು ಬರುತ್ತಿದ್ದರು. ಯಾವ ಬಾಯಿಂದ ಇನ್ನಷ್ಟು ಬೈಯಲಿ?

ಕಂಪ್ಯೂಟರಿನ ಡಬ್ಬಿಯನ್ನು ಹೊತ್ತು ರಿಪೇರಿಯ ಆ ತಮ್ಮನ ಅಂಗಡಿಗೆ ಹೋದೆ. ಮಾಸ್ತರರು ಹಿಂದೆಯೇ ಬಂದರು. ಅವನು ಮುಚ್ಚಳ ಬಿಚ್ಚಿ ಗಾಳಿ ಹೊಡೆದಾಗ ಎದ್ದ ಧೂಳಿಗೆ ಮೂವರೂ ಸೀನಿದೆವು.

‘ಆಪಾ, ಇದರಾಗ ಅರ್ಧ ಗುಡ್ಡ ಐತಿ. ಲಾರಿಗಿ ತುಂಬಿ ಕಳಸಬೌದು’ ಅಂದ.

‘ಲೇ, ನಿನ್ನ ತಮಾಷಿ ಆಮ್ಯಾಲೆ. ಮೊದಲ ನಾಟಕ ತಗಿ.’

ಧೂಳು ತೆಗೆದರೂ ಕಂಪ್ಯೂಟರ್ ಏಳಲಿಲ್ಲ. ಆಗ ಹಾರ್ಡ್ ಡಿಸ್ಕನ್ನು ಬಿಚ್ಚಿ ಮಾಸ್ತರರ ಕೈಗೆ ಕೊಟ್ಟು, ‘ಮನಿ ಬಿದ್ದೈತ್ರಿ, ತಿಜೋರಿ ಗಟ್ಟಿ ಇರಬೌದು. ನಿಮ್ಮ ನಾಟಕ ಇದರಾಗ ಇರತೈತಿ’ ಎಂದು ವಿವರಿಸಿದ. ಅವರು ಚಪ್ಪಲಿ ಬಿಟ್ಟು, ಅದನ್ನು ಕಣ್ಣಿಗೊತ್ತಿಕೊಂಡು ವಾಪಸ್ಸು ಕೊಟ್ಟರು. ತಮ್ಮ ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. ನನ್ನ ಫೋಲ್ಡರುಗಳೆಲ್ಲ ಸಾಲಾಗಿ ಕಾಣಿಸಿಕೊಂಡವು. ನಾಟಕದ ಫೈಲೂ ಇತ್ತು. ತೆರೆದ.

ಪರದೆಯ ತುಂಬ ಇಂಗ್ಲಿಷ್ ಅಕ್ಷರ, ನೆತ್ತಿಯ ಮೇಲೆ ಚುಕ್ಕಿ, ಪೌಂಡಿನ ಗುರುತು, ಕೊಂಬು, ಕೋರೆ! ಒಂದು ಪದವೂ ಕನ್ನಡವಲ್ಲ.

‘ಕರಪ್ಟ್ ಆಗೈತಿ ಆಪಾ. ಕೈ ಬಿಡೋದ’ ಅಂದ ತಮ್ಮ, ಮೆಲ್ಲಗೆ.

ಮಾಸ್ತರರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ‘ಯವ್ವಾ, ಇದು ನನ್ನ ನಾಟಕ ಏನು? ರಾಕ್ಷಸರು ಮಾತಾಡಿದಂಗ ಐತಲ್ಲ’ ಅಂದರು. ಆ ಮಾತು ಮುಗಿಯುವಷ್ಟರಲ್ಲಿ ಅವರ ದನಿ ಒಡೆಯಿತು. ಖಳನಾಯಕನಾಗಿ ಬಜಾರನ್ನೇ ನಡುಗಿಸಿದ ಮನುಷ್ಯ ನನ್ನ ಮುಂದೆ ಅತ್ತರು.

ನಾನೂ ಅತ್ತೇಬಿಡುತ್ತಿದ್ದೆ. ಆದರೆ ಆ ಪೌಂಡಿನ ಗುರುತು ನನ್ನ ಹಳೇ ಪರಿಚಯ. ನಮ್ಮ ಕನ್ನಡ ಫಾಂಟ್ ಇಲ್ಲದ ಕಡೆ ‘ನ’ ಅಕ್ಷರ ಆ ವೇಷ ಹಾಕಿಕೊಂಡು ನಿಲ್ಲುತ್ತದೆ. ‘ಲೇ ಮಳ್ಳ, ನಿನ್ನ ಕಂಪ್ಯೂಟರ್‌ದಾಗ ಕನ್ನಡ ಫಾಂಟ್ ಐತೇನು?’ ಎಂದು ಕೇಳಿದೆ.

‘ನನಗ ಯಾಕ ಬೇಕು ಆಪಾ? ನಾನೇನು ಟೈಪ್ ಮಾಡ್ತೀನೇನು?’

ಅಂಗಡಿಗೆ ಓಡಿಹೋಗಿ ಫಾಂಟಿನ ಸೀಡಿ ತಂದು ಹಾಕಿಸಿದೆ. ಫೈಲನ್ನು ಮುಚ್ಚಿ ಮತ್ತೆ ತೆರೆದಾಗ ರಾಕ್ಷಸರೆಲ್ಲ ಮಾಯವಾಗಿ, ‘ಅಂಕ ಒಂದು, ದೃಶ್ಯ ಒಂದು’ ಎಂದು ಕನ್ನಡ ದುಂಡಗೆ ನಿಂತಿತ್ತು. ಖುಷಿ ತಡೆಯಲಾರದೆ ತಮ್ಮನ ಬೆನ್ನಿಗೆ ಒಂದು ಗುದ್ದಿದೆ. ಮಾಸ್ತರರು ನಾಲ್ಕು ಸಾಲು ಗಟ್ಟಿಯಾಗಿ ಓದಿ, ಕಣ್ಣೊರೆಸಿಕೊಂಡು, ಮನೆಗೊಂದು ಫೋನ್ ಹಚ್ಚಿಕೊಡು ಅಂದರು. ಅವರಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ನನ್ನ ಮೊಬೈಲಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

‘ಏ, ಕೇಳಿಲ್ಲಿ. ಕಂಪ್ಯೂಟರ್ ಕೆಟ್ಟಿತ್ತು. ಆದ್ರ ನಾಟಕ ಸಿಕ್ಕೈತಿ’ ಎಂದು ಹೆಂಡತಿಗೆ ಹೇಳಿದರು.

‘ಕೂಸಿನ ಹಾಡು ಐತೇನು ನೋಡ್ರಿ ಮೊದಲ’ ಅಂತು ಆ ಕಡೆಯ ದನಿ.

ನಾನು ಹುಡುಕಿದೆ. ಮೂರನೇ ಅಂಕದಲ್ಲಿತ್ತು. ಮನೆ ಪಾಲಾದ ದಿನ, ತಾಯಿಯಿಲ್ಲದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತಿಗೆ ಹಾಡುವ ಜೋಗುಳ. ಫೋನಿಗೆ ಬಾಯಿಟ್ಟು ಪೂರ್ತಿ ಓದಿದೆ.

‘ಐತಿ ಬಿಡವ್ವ, ಪೂರಾ ಐತಿ. ಅದು ನಾ ಕಟ್ಟಿದ ಹಾಡು. ನನಗ ಬರಿಯಾಕ ಬರಂಗಿಲ್ಲ, ಅವರು ಬರಕೊಂಡಿದ್ರು’ ಅಂದಿತು ದನಿ.

ನಾನು ಮಾಸ್ತರರ ಮುಖ ನೋಡಿದೆ. ಅವರು ತಲೆ ಕೆರೆದುಕೊಂಡರು. ‘ಖರೇನ ಐತಿ. ಈ ನಾಟಕದಾಗ ಮಂದಿ ಅಳೋದು ಅದೊಂದ ಜಾಗಾ’ ಅಂದರು. ಪರದೆಗೆ ಬೆರಳು ತೋರಿಸಿ, ‘ಹಾಡಿನ ಕೆಳಗ ಆಕಿ ಹೆಸರು ಹಾಕು’ ಅಂದರು.

‘ಹೆಸರು ಹೇಳ್ರಿ.’

ಮಾಸ್ತರರು ಫೋನಿನ ಕಡೆ ನೋಡಿದರು. ಮದುವೆಯಾದಂದಿನಿಂದ ‘ಏ’, ‘ಕೇಳಿಲ್ಲಿ’ ಎನ್ನುವುದು ಬಿಟ್ಟರೆ ಆ ಹೆಸರು ಅವರ ನಾಲಿಗೆಯ ಮೇಲೆ ಬಂದೇ ಇರಲಿಲ್ಲ. ‘ನೀನ ಹೇಳ’ ಎಂದು ಫೋನಿಗೆ ಹೇಳಿದರು. ‘ನಾ ಒಲ್ಲೆ, ನೀವ ಹೇಳ್ರಿ’ ಅಂತು ಫೋನು. ತಮ್ಮ ಮುಸಿಮುಸಿ ನಗತೊಡಗಿದ. ‘ಪ್ರಾಸದಾಗ ಹೆಸರು ಕೂಡಿಸಿ ಒಡಪು ಕಟ್ಟಿ ಹೇಳ್ರಿ ಮಾಸ್ತರ, ಮದುವಿ ಮನ್ಯಾಗ ಹೇಳತಾರಲ್ಲ ಹಂಗ’ ಎಂದು ನಾನು ಹಟ ಹಿಡಿದೆ.

ಅವರು ಅಂಗಿಯ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ‘ಬಳ್ಳಾರಿ ಬಿಸಲಾಗ ಮಜ್ಜಿಗಿ ತಂಪು, ನನ್ನ ನಾಟಕದಾಗ...’ ಎಂದು ಚಾವಣಿ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಹೆಸರು ಹೇಳಿಯೇಬಿಟ್ಟರು. ‘...ಕಟ್ಟಿದ ಹಾಡು ಇಂಪು’ ಎಂದು ಮುಗಿಸಿದರು. ಆ ಹೆಸರು ಅವರಿಬ್ಬರದು, ಇಲ್ಲಿ ಬರೆಯುವುದಿಲ್ಲ.

ಆ ಕಡೆ ಆಕೆ ನಕ್ಕರು.

‘ಇಷ್ಟ ವರ್ಸ ನನ್ನ ಹೆಸರು ನೆನಪಿತ್ತೇನ್ರಿ ನಿಮಗ?’

ನಾನು ಹೆಸರು ಟೈಪ್ ಮಾಡಿ ಮುಗಿಸಿದ ಮೇಲೆ ಮಾಸ್ತರರು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು, ‘ಗಟ್ಟಿಯಾಗಿ ಓದವ್ವ, ಆಕಿಗಿ ಕೇಳ್ಲಿ’ ಅಂದರು.